ಒಳಗೆ ತಾಯಿ ಇದ್ದಾರೆ

ಮನುಷ್ಯನ ಒಳಗಿನ ಆರು ವೈರಿಗಳನ್ನು ಎಣಿಸಿದ ಹಿರಿಯರು ಮತ್ಸರವನ್ನು ಕಟ್ಟಕಡೆಗೆ ಇಟ್ಟರು. ಎಣಿಸಿದವರಲ್ಲಿ ಯಾರೂ ಹಾಲು ಕಟ್ಟಿ ಕಲ್ಲಾದ ಎದೆ ಹೊತ್ತು ಇನ್ನೊಬ್ಬ ಬಾಣಂತಿಯ ಕುರ್ಚಿ ಒರೆಸಿದವರಲ್ಲ. ಒರೆಸಿದ್ದರೆ ಅದನ್ನೇ ಮೊದಲು ಎಣಿಸುತ್ತಿದ್ದರು.

ನಾಲ್ಕಮ್ಮನಿಗೆ ಆ ಕುರ್ಚಿಯ ಮೇಲೆ ಹೊಟ್ಟೆಕಿಚ್ಚು.

ಹಡೆದವಳು ಇಟ್ಟ ಹೆಸರು ಬೇರೆ ಇತ್ತು. ಆ ಕಚೇರಿಯಲ್ಲಿ ಅದನ್ನು ಕೇಳಿದವರಿಲ್ಲ. ಗುಡಿಸುವ ಹೆಂಗಸರನ್ನು ಅವರವರ ಮಹಡಿಯ ಮೇಲೆ ಕರೆಯುವುದು ಅಲ್ಲಿನ ರೂಢಿ. ಮೂರನೇ ಮಹಡಿಯವಳು ಮೂರಮ್ಮ, ನಾಲ್ಕನೆಯದರವಳು ನಾಲ್ಕಮ್ಮ. ಮಹಡಿ ಬದಲಾದರೆ ಹೆಸರೂ ಬದಲಾಗುತ್ತಿತ್ತು.

“ನಾನು ಒಂದು ಕಾಲದಲ್ಲಿ ಒಂಬತ್ತಮ್ಮ ಆಗಿದ್ದೋಳು ಕಣೇ,” ಎನ್ನುತ್ತಿದ್ದಳು ಮೂರಮ್ಮ. ಅವಳಿಗೆ ವಯಸ್ಸಾಗಿತ್ತು, ಬಾಯಿಗೆ ಆಗಿರಲಿಲ್ಲ. “ಮಂಡಿ ಸವೆದ ಹಾಗೆಲ್ಲ ಕೆಳಗೆ ಇಳಿಸ್ತಾ ಬಂದ್ರು. ಇನ್ನು ಸ್ವಲ್ಪ ಇಳಿದ್ರೆ ನೆಲಮಾಳಿಗೆ. ಅದರ ಕೆಳಗೆ ಮಣ್ಣು. ಅಲ್ಲಿ ಯಾರೂ ಗುಡಿಸು ಅನ್ನಲ್ಲ.”

ನಾಲ್ಕನೇ ಮಹಡಿಯ ಮೂಲೆಯಲ್ಲಿತ್ತು ತಾಯಂದಿರ ಕೋಣೆ. ಕಚೇರಿಗೆ ಬರುವ ಎಳೆಗೂಸಿನ ತಾಯಂದಿರು ನಡುಹಗಲಿನಲ್ಲಿ ಅಲ್ಲಿ ಕೂತು, ಯಂತ್ರ ಹಚ್ಚಿ ಎದೆಹಾಲು ತೆಗೆದು, ಪುಟ್ಟ ಫ್ರಿಜ್ಜಿನಲ್ಲಿ ಇಟ್ಟು, ಸಂಜೆ ಮನೆಗೆ ಒಯ್ಯುತ್ತಿದ್ದರು. ಬೆನ್ನಿಗೆ ಒರಗು ಕೊಡುವ ಮೆತ್ತನೆಯ ಕುರ್ಚಿ. ಕಾಲಿಗೊಂದು ಮಣೆ. ತೊಳೆಯಲು ಬಿಸಿನೀರಿನ ನಲ್ಲಿ. ಗೋಡೆಯ ಮೇಲೆ ನಗುವ ಹೆಂಗಸೊಬ್ಬಳ ಚಿತ್ರ. ಬಾಗಿಲಿಗೆ ಒಂದು ಫಲಕ. ಒಳಗಿನ ಹಿಡಿ ಎಳೆದರೆ ಚಿಲಕ ಬೀಳುತ್ತಿತ್ತು. ಅದರೊಡನೆಯೇ ಹೊರಗಿನ ಫಲಕ ಸರಿದು ಅಕ್ಷರ ಕಾಣುತ್ತಿತ್ತು: ಒಳಗೆ ತಾಯಿ ಇದ್ದಾರೆ. ಆಮೇಲೆ ಯಾರ ಕಾರ್ಡು ಉಜ್ಜಿದರೂ ಆ ಬಾಗಿಲು ತೆರೆಯದು.

ನಾಲ್ಕಮ್ಮನ ಕಾರ್ಡಿಗೂ ಆ ಬಾಗಿಲು ತೆರೆಯುತ್ತಿತ್ತು. ಗುಡಿಸುವವಳ ಕಾರ್ಡಿಗೆ ತೆರೆಯದ ಬಾಗಿಲೇ ಆ ಕಟ್ಟಡದಲ್ಲಿಲ್ಲ. ಒರೆಸುವುದಕ್ಕೆ ತೆರೆಯುತ್ತಿತ್ತು. ಕೂರುವುದಕ್ಕಲ್ಲ.

ಅವಳು ಫಲಕದ ಧೂಳು ತೆಗೆಯುತ್ತಿದ್ದಳು. ಅಕ್ಷರಗಳ ಸಂದಿಯಲ್ಲಿ ಬಟ್ಟೆಯ ತುದಿ ಹಾಕಿ ಒರೆಸುತ್ತಿದ್ದಳು. ಓದು ಬರುತ್ತಿತ್ತು. ಏಳನೆಯ ತರಗತಿಯ ನಡುವಿನವರೆಗೆ ಕಲಿತವಳು. ತನ್ನಮ್ಮ ಪಾತ್ರೆ ತಿಕ್ಕಲು ಹೊರಟಾಗ ಹಾಲುಗಲ್ಲದ ತಮ್ಮನನ್ನು ಇವಳ ಸೊಂಟಕ್ಕೆ ಏರಿಸಿದರು. ತಮ್ಮ ಸೊಂಟದಿಂದ ಇಳಿಯುವ ಹೊತ್ತಿಗೆ ಶಾಲೆ ಇವಳನ್ನು ಮರೆತಿತ್ತು.

‘ಇದ್ದಾರೆ’ ಎಂದು ಬರೆದಿದ್ದರು. ‘ಇದ್ದಾಳೆ’ ಎಂದಿರಲಿಲ್ಲ. ಆ ಗೌರವದ ಮೇಲೂ ಅವಳಿಗೆ ಹೊಟ್ಟೆಕಿಚ್ಚು.

ಕೋಣೆಯನ್ನು ತಂದವಳು ಮೇಡಂ. ನಾಲ್ಕನೇ ಮಹಡಿಗೆ ದೊಡ್ಡ ಅಧಿಕಾರಿ. ಹೆಸರಿನ ಹಿಂದೆ ಪದವಿಗಳ ಬಾಲ. ಕೋಣೆಗಾಗಿ ಸಭೆಯಲ್ಲಿ ನಿಂತು ವಾದಿಸಿದ್ದಳು. ಆ ದಿನ ಯಾರದೋ ಕೈತಗುಲಿ ನೀರಿನ ಲೋಟ ಉರುಳಿತು. ಒರೆಸಲು ಕರೆದರು. ನಾಲ್ಕಮ್ಮ ಮೇಜಿನ ಕೆಳಗೆ ಮೊಣಕಾಲೂರಿದ್ದಾಗ ಮೇಲಿನಿಂದ ಆ ಮಾತು ಬಂತು.

“ಓದಿದ ತಾಯಿ ಮನೇಲಿ ಕೂತುಬಿಟ್ರೆ ಅವಳಿಗೆ ಕೊಟ್ಟ ವಿದ್ಯೆಯೆಲ್ಲ ನಷ್ಟ ಅಲ್ವಾ?”

ಚಪ್ಪಾಳೆ ಬಿತ್ತು. ಆಗ ಇಬ್ಬರೂ ತುಂಬು ಬಸುರಿಯರು. ಒಬ್ಬಳು ಮೇಜಿನ ಮುಂದೆ. ಒಬ್ಬಳು ಮೇಜಿನ ಕೆಳಗೆ. ಕೆಳಗಿದ್ದವಳು ಲೆಕ್ಕ ಹಾಕಿದಳು: ನನಗೆ ಯಾರೂ ಏನೂ ಕೊಟ್ಟಿಲ್ಲ. ಹಾಗಾದರೆ ನಾನು ಮನೆಯಲ್ಲಿ ಕೂತರೆ ಯಾರಿಗೂ ನಷ್ಟವಿಲ್ಲ. ನನ್ನ ಮನೆಯವರ ಹೊಟ್ಟೆಯೊಂದನ್ನು ಬಿಟ್ಟರೆ.

ಹೆರಿಗೆಯಾಯಿತು. ಮೇಡಂಗೆ ಗಂಡು, ಇವಳಿಗೆ ಹೆಣ್ಣು. ಮೇಡಂ ಅರ್ಧ ವರ್ಷ ಸಂಬಳದೊಡನೆ ಮನೆಯಲ್ಲಿದ್ದಳು. ನಾಲ್ಕಮ್ಮ ಕೂಸಿನ ಕತ್ತು ನಿಲ್ಲುವ ಮೊದಲೇ ಬಕೆಟ್ಟು ಹಿಡಿದಳು. ಗಂಡ ಲಾರಿಯ ಹಿಂದೆ ಹೋದವನು, ಬಂದಾಗ ಬಂದ. ಇನ್ನೂ ಸ್ವಲ್ಪ ತಡವಾಗಿದ್ದರೆ ಗುಡಿಸುವವರ ಮೇಸ್ತ್ರಿ ಬೇರೊಬ್ಬಳನ್ನು ನಾಲ್ಕಮ್ಮ ಮಾಡುತ್ತಿದ್ದ.

ಬಗ್ಗಿ ನೆಲ ಒರೆಸಿದರೆ ಹಾಲು ಸೋರುತ್ತಿತ್ತು. ಸಮವಸ್ತ್ರ ತೊಯ್ದರೆ ಮೇಸ್ತ್ರಿ ಬೈಯುತ್ತಿದ್ದ. ಗುಡಿಸುವ ಹೆಂಗಸರಿಗೆ ಅದಕ್ಕೊಂದು ಉಪಾಯ ಗೊತ್ತಿತ್ತು. ಹಳೆಯ ಟವೆಲನ್ನು ಎದೆಗೆ ಸುತ್ತಿ, ಬೆನ್ನ ಹಿಂದೆ ಮೊಣಕಾಲು ಕೊಟ್ಟು ಒಬ್ಬರಿಗೊಬ್ಬರು ಬಿಗಿಯುತ್ತಿದ್ದರು. ಮೂರಮ್ಮ ಇವಳಿಗೆ ಬಿಗಿದಳು.

“ಉಸಿರು ಬರ್ತಾ ಇದೆಯಾ?”

“ಬರ್ತಾ ಇದೆ.”

“ಹಾಗಾದ್ರೆ ಇನ್ನೂ ಬಿಗೀಬೇಕು.”

ನಡುಹಗಲಿಗೆ ಎದೆಯಲ್ಲಿ ಗಂಟು. ಮೈ ಕೆಂಡ. ಆಗ ಅವಳು ಮಾಪು ಒಗೆಯುವ ಗೂಡಿಗೆ ಹೋಗಿ ಟವೆಲು ಬಿಚ್ಚಿ, ಹಲ್ಲು ಕಚ್ಚಿ, ಹಾಲನ್ನು ಹಿಂಡಿ ಕೊಳಕು ಸಿಂಕಿಗೆ ಬಿಡುತ್ತಿದ್ದಳು. ಕರಿನೀರಿನ ಮೇಲೆ ಬಿಳಿಯ ಎಳೆ ಸುತ್ತಿ ಸುತ್ತಿ ಇಳಿದು ಹೋಗುತ್ತಿತ್ತು. ಎದೆಗೆ ಹಾಲು ತಂದವನು ದೇವರು. ಆ ಗೂಡಿಗೆ ಅವಳನ್ನು ತಂದವನು ದೇವರಲ್ಲ.

ಮನೆಯೆಂದರೆ ಒಂದು ಕೋಣೆ, ಒಂದು ಕಿಟಕಿ. ಅತ್ತೆಯ ಕೈ ನಡುಗುತ್ತಿತ್ತು. ಕೂಸನ್ನು ಎತ್ತಲು ಹೋಗಿ ಒಮ್ಮೆ ಕೈಬಿಟ್ಟಳು. ಚಾಪೆಯ ಮೇಲೆ ಬಿದ್ದುದರಿಂದ ಕೂಸು ಉಳಿಯಿತು. ಅತ್ತೆ ಅಂದಿನಿಂದ ಅದನ್ನು ಮುಟ್ಟಲಿಲ್ಲ. ಹಾಗಾಗಿ ದೊಡ್ಡ ಮಗಳು ಮನೆಯಲ್ಲಿ ನಿಂತಳು. ಐದನೆಯ ತರಗತಿಯವಳು. ಎರಡು ದಿನ ಎಂದು ನಿಲ್ಲಿಸಿದ್ದು. ಆ ಎರಡು ದಿನ ಎಂದೋ ಮುಗಿದಿತ್ತು.

ಒಂದು ಸಂಜೆ ನಾಲ್ಕಮ್ಮ ಬಂದಾಗ ಹುಡುಗಿ ಕೂಸನ್ನು ಸೊಂಟದ ಮೇಲಿಟ್ಟು, ಕಿಟಕಿಗೆ ಬೆನ್ನು ಕೊಟ್ಟು, ಪಾಠ ಗಟ್ಟಿಯಾಗಿ ಓದುತ್ತಿದ್ದಳು. ಸೊಂಟ ಒಂದು ಕಡೆಗೆ ವಾಲಿತ್ತು. ಆ ವಾಲು ನಾಲ್ಕಮ್ಮನಿಗೆ ಗೊತ್ತಿತ್ತು. ಅದು ಅವಳ ಸೊಂಟದಲ್ಲಿ ಇನ್ನೂ ಇತ್ತು.

“ಅಮ್ಮಾ, ನಾಳೆ ಹೋಗ್ಲಾ?”

“ನಾಳೆ ಬೇಡ ಮರಿ.”

“ನನ್ನ ಜಾಗದಲ್ಲಿ ಬೇರೆಯವಳು ಕೂತಿದಾಳಂತೆ. ಮುಂದಿನ ಬೆಂಚು. ಪಕ್ಕದ ಮನೆ ಹುಡುಗಿ ಹೇಳಿದ್ಲು.” ಹುಡುಗಿ ಅಳಲಿಲ್ಲ. “ಅವಳಿಗೆ ತಂಗಿ ಇಲ್ವಂತೆ.”

ಆ ಮಾತಿನೊಳಗಿನ ಹೊಟ್ಟೆಕಿಚ್ಚು ತಾಯಿಗೆ ಕೇಳಿಸಿತು. ತನ್ನ ಮೂಗು, ತನ್ನ ಕಣ್ಣು ಮಗಳಿಗೆ ಬಂದಾಗ ಹಿಗ್ಗಿದವಳು ಇದೂ ಬಂತೆಂದು ಹೆದರಿದಳು. ಕೈಯ ಫಿನಾಯಿಲು ವಾಸನೆ ಹೋಗುವವರೆಗೆ ತೊಳೆದು ಕೂಸನ್ನು ಎತ್ತಿಕೊಂಡಳು. ಕೂಸು ಮೂಸಿ ಮುಖ ತಿರುವಿತು. ಮತ್ತೆ ತೊಳೆದಳು.

ಮರುದಿನ ಮೇಸ್ತ್ರಿಯನ್ನು ಕಂಡಳು. ಕಟ್ಟಡಕ್ಕೆಲ್ಲ ಗುಡಿಸುವವರನ್ನು ಒದಗಿಸುವವನು. ಕಿವಿಯಲ್ಲಿ ಸದಾ ಫೋನು.

“ಅಣ್ಣಾ, ಆ ಮೂಲೆ ಕೋಣೆ ಹಗಲೆಲ್ಲ ಖಾಲೀನೇ ಇರುತ್ತೆ. ಈಗ ಮೇಡಂ ಒಬ್ರೇ ಒಂದು ಸಲ ಬರ್ತಾರೆ, ಅಷ್ಟೇ. ಕೂಸನ್ನ ತಂದು ಮಧ್ಯಾಹ್ನ ಅಲ್ಲಿ ಒಂದು ಗಳಿಗೆ ಹಾಲು ಕುಡಿಸ್ತೀನಿ. ಉಳಿದ ಹೊತ್ತು ಗೂಡಲ್ಲಿ ಮಲಗಿರುತ್ತೆ. ದೊಡ್ಡದು ಸ್ಕೂಲಿಗೆ ಹೋಗುತ್ತೆ.”

“ಅದು ಓದಿದೋರ ಕೋಣೆ ಕಣಮ್ಮ.”

“ಓದಿದೋರಿಗೆ ಮಾತ್ರ ಹಾಲು ಬರುತ್ತಾ ಅಣ್ಣ?”

ಅವನು ಫೋನನ್ನು ಕಿವಿಯಿಂದ ತೆಗೆದ. “ನಾಲಿಗೆ ಉದ್ದ ಆಯ್ತು ನಿಂದು. ಕಂಪನಿಯೋರಿಗೆ ಆ ಕೋಣೆ. ನೀನು ಕಂಪನಿಯೋಳಾ? ನೀನು ನನ್ನೋಳು.”

“ನಿನ್ನೋಳು ಅಂದ್ರೆ ನಿನ್ನ ಹೆಂಡತಿ ಕೇಳಿಸ್ಕೊಂಡಾಳು ಕಣೋ,” ಎಂದಳು ಮೂರಮ್ಮ ಹಿಂದಿನಿಂದ.

ಹೆಂಗಸರು ನಕ್ಕರು. ಮೇಸ್ತ್ರಿ ನಗಲಿಲ್ಲ. “ಕೂಸು ಬೇಕೋ ಕೆಲಸ ಬೇಕೋ, ಒಂದು ಹೇಳು. ನಾಳೆ ಬೆಳಗ್ಗೆ ಬೇರೆ ನಾಲ್ಕಮ್ಮ ತರ್ತೀನಿ.”

ಆ ವಾರವೇ ಮೇಡಂ ಅತ್ತಳು.

ನಾಲ್ಕಮ್ಮ ಕಸದ ಬುಟ್ಟಿ ತೆಗೆಯಲು ಕೋಣೆಗೆ ಬಂದಳು. ಚಿಲಕ ಬಿದ್ದಿರಲಿಲ್ಲ. ಮೇಡಂ ಕುರ್ಚಿಯಲ್ಲಿದ್ದಳು, ಎದೆಗೆ ಯಂತ್ರ. ಯಂತ್ರ ಗುರುಗುಟ್ಟುತ್ತಿತ್ತು. ಬಾಟಲಿಯ ತಳದಲ್ಲಿ ಹಾಲು ಅಂಟಿಯೂ ಅಂಟದಂತೆ ಇತ್ತು. ಮೇಡಂ ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು.

ನಿಜ ಹೇಳಬೇಕು. ನಾಲ್ಕಮ್ಮನಿಗೆ ಸಂತೋಷವಾಯಿತು. ಬೆಲ್ಲ ಕಡಿದಷ್ಟು ಸಂತೋಷ. ಅಷ್ಟು ಓದು, ಅಷ್ಟು ಒಳ್ಳೆ ಕುರ್ಚಿ, ಕಾಲಿಗೆ ಮಣೆ, ಆದರೂ ಎದೆ ಬತ್ತಿತು.

ಬುಟ್ಟಿಗೆ ಬಗ್ಗಿದಳು. ಅಂದು ಮೂರಮ್ಮ ರಜೆ. ಟವೆಲನ್ನು ತಾನೇ ಕಟ್ಟಿಕೊಂಡಿದ್ದಳು. ಅದು ಸಡಿಲವಾಯಿತು. ಸಮವಸ್ತ್ರದ ಮುಂಭಾಗ ಎರಡು ಕಡೆ ತೊಯ್ದು, ತೊಯ್ದದ್ದು ಹರಡಿ, ಹೊಟ್ಟೆಯವರೆಗೆ ಇಳಿಯಿತು.

ಮೇಡಂ ನೋಡಿದಳು. ಮುಖವನ್ನಲ್ಲ. ಆ ಒದ್ದೆಯನ್ನು. ಆ ನೋಟದ ಗುರುತು ನಾಲ್ಕಮ್ಮನಿಗೆ ಚೆನ್ನಾಗಿ ಇತ್ತು. ಕುರ್ಚಿಯನ್ನು ತಾನು ನೋಡುತ್ತಿದ್ದದ್ದು ಹಾಗೆಯೇ.

“ಎಷ್ಟು ಬರುತ್ತೆ ನಿನಗೆ!” ಎಂದಳು ಮೇಡಂ.

“ಬರುತ್ತೆ ಮೇಡಂ.”

“ಏನು ಮಾಡ್ತೀಯಾ ಅದನ್ನ?”

“ಸಿಂಕಿಗೆ ಹಿಂಡ್ತೀನಿ.”

ಮೇಡಂ ಯಂತ್ರ ನಿಲ್ಲಿಸಿದಳು. ಅವಳ ಧ್ವನಿ ಮೆತ್ತಗಾಯಿತು. “ನನ್ನ ಮಗ ಡಬ್ಬಿ ಹಾಲು ಕುಡಿದ್ರೆ ವಾಂತಿ ಮಾಡ್ತಾನೆ. ಆಯಾ ಎಷ್ಟು ಪ್ರಯತ್ನಪಟ್ರೂ ಆಗ್ತಿಲ್ಲ. ಡಾಕ್ಟರು ರಜೆ ಹಾಕಿ ಅಂತಾರೆ. ಈಗ ನಾನು ರಜೆ ಹಾಕಿದ್ರೆ ನನ್ನ ಜಾಗ ಹೋಗುತ್ತೆ. ನಿನಗೆ ಗೊತ್ತಾಗಲ್ಲ ಅದು.”

ನಾಲ್ಕಮ್ಮ ಬುಟ್ಟಿ ಹಿಡಿದು ನಿಂತಿದ್ದಳು.

“ನೋಡು, ನಿನಗೆ ಹೇಗೂ ಚೆಲ್ಲಿ ಹೋಗ್ತಾ ಇದೆ. ದಿನಾ ಇಲ್ಲಿಗೆ ಬಾ. ಈ ಕುರ್ಚೀಲೇ ಕೂತ್ಕೋ. ಒಂದು ಬಾಟಲಿ ತುಂಬಿಸಿ ಕೊಡು. ಮೇಸ್ತ್ರಿಗೆ ನಾನು ಹೇಳ್ತೀನಿ. ಅದಕ್ಕೆ ಮುಂಚೆ ಒಂದು ರಕ್ತಪರೀಕ್ಷೆ ಮಾಡಿಸೋಣ, ಬೇಜಾರು ಮಾಡ್ಕೋಬೇಡ. ಸೋಪು ಹಾಕಿ ಚೆನ್ನಾಗಿ ತೊಳ್ಕೊಂಡು ಬಾ, ಅಷ್ಟೇ.”

ನಾಲ್ಕಮ್ಮ ಕುರ್ಚಿಯನ್ನು ನೋಡಿದಳು. ಕೇಳಿದಾಗ ಸಿಗದ್ದು ಕೇಳದೇ ಬಂದಿತ್ತು. ಅವಳ ಮನಸ್ಸಿನಲ್ಲಿ ಒಂದು ಯೋಚನೆ ಬೆಳಕಿನ ಹಾಗೆ ಎದ್ದಿತು.

“ಮೇಡಂ, ನನ್ನ ಕೂಸನ್ನೂ ಇಲ್ಲಿಗೇ ತರ್ತೀನಿ. ಎರಡು ಎದೆ ಇದೆ. ಒಂದು ಅವಳಿಗೆ, ಒಂದು ನಿಮ್ಮ ಮಗನಿಗೆ. ಇಬ್ರೂ ಉಳೀತಾರೆ. ನನ್ನ ದೊಡ್ಡ ಮಗಳು ಸ್ಕೂಲಿಗೆ ಹೋಗ್ತಾಳೆ.”

“ಇಲ್ಲಿಗಾ? ಮಗೂನಾ?” ಮೇಡಂ ಬೆಚ್ಚಿದಳು. “ನಾನೇ ನನ್ನ ಮಗನ್ನ ತರಲ್ಲ. ಮಗು ತರೋ ಹಾಗಿಲ್ಲ, ನಿಯಮ ಇದೆ. ಈಗ ನಿನ್ನ ಮಗೂನ ಯಾರು ನೋಡ್ಕೋತಾ ಇದಾರೆ?”

“ದೊಡ್ಡ ಮಗಳು.”

“ಮತ್ತೇನು? ಸರಿಹೋಯ್ತಲ್ಲ!”

ಸರಿಹೋಯಿತು. ನಾಲ್ಕಮ್ಮನ ಕಿವಿಯಲ್ಲಿ ಆ ಮಾತು ಕೂತಿತು. ಅಂದು ಇವಳ ಸೊಂಟಕ್ಕೆ ತಮ್ಮನನ್ನು ಏರಿಸಿದಾಗಲೂ ಅಮ್ಮ ಪಾತ್ರೆ ತಿಕ್ಕುತ್ತಿದ್ದ ಮನೆಯೊಡತಿ ಇದನ್ನೇ ಅಂದಿದ್ದಳು.

ರಕ್ತ ತೆಗೆದರು. ಶುದ್ಧವೆಂದು ಬಂತು. ಮೇಸ್ತ್ರಿಯ ಮಾತಿಗೆ ಜೇನು ಹತ್ತಿತು. “ಅದೃಷ್ಟ ಖುಲಾಯಿಸ್ತು ಕಣಮ್ಮ ನಿಂದು,” ಎಂದ. ಮೂರಮ್ಮ ಮಾಪು ಹಿಂಡುತ್ತ ಕೇಳಿದಳು, “ಹಸುಗೂ ಹಿಂಡಿ ಹಾಕ್ತಾರೆ. ನಿನಗೇನು ಹಾಕ್ತಾರಂತೆ?”

ಆ ಮಧ್ಯಾಹ್ನ ಅವಳು ಕುರ್ಚಿಯಲ್ಲಿ ಕೂತಳು.

ಬೆನ್ನು ತಾನಾಗಿ ಒರಗಿತು. ಬೆನ್ನಿಗೆ ಅಂಥ ಆಸರೆಯೊಂದಿದೆ ಎಂಬುದು ಆ ಮೈಗೆ ಅಂದು ತಿಳಿಯಿತು. ಕಾಲು ಮಣೆಯ ಮೇಲೆ ಹೋಯಿತು. ಒಡೆದ ಹಿಮ್ಮಡಿ ಕಂಡು ನಾಚಿ ಕೆಳಗಿಳಿಸಿದಳು, ಮತ್ತೆ ಇಟ್ಟಳು. ಮೇಡಂ ಕೈಗವಸು ಹಾಕಿಕೊಂಡು ಯಂತ್ರ ಹಚ್ಚಿಕೊಟ್ಟಳು. ಚರ್ಮಕ್ಕೆ ಬೆರಳು ತಾಗದ ಹಾಗೆ ಹಚ್ಚಿದಳು.

ಹಾಲು ಬಂತು. ಮೊದಲು ಹನಿ, ಆಮೇಲೆ ಎಳೆ, ಆಮೇಲೆ ಧಾರೆ. ಬಾಟಲಿಯ ಗೆರೆಗಳನ್ನು ಒಂದೊಂದಾಗಿ ಮುಳುಗಿಸುತ್ತ ಏರಿತು. ಗಂಟು ಕರಗಿತು. ಜ್ವರ ಇಳಿದ ಹಾಗಾಯಿತು. ಇಷ್ಟು ಸುಖ ಈ ಕೋಣೆಯಲ್ಲಿತ್ತು. ದಿನವೂ ಇತ್ತು. ಇವಳು ಒರೆಸಿ ಹೋಗುತ್ತಿದ್ದಳು.

ಗೋಡೆಯ ಮೇಲಿನ ಹೆಂಗಸು ನಗುತ್ತಿದ್ದಳು. ಈ ಹೊತ್ತಿನಲ್ಲಿ ಮನೆಯಲ್ಲಿ ಕೂಸು ಎದ್ದಿರುತ್ತದೆ. ಹುಡುಗಿ ಬಟ್ಟೆಯ ತುದಿಯನ್ನು ಸಕ್ಕರೆ ನೀರಿಗೆ ಅದ್ದಿ ಅದರ ಬಾಯಿಗೆ ಇಟ್ಟಿರುತ್ತಾಳೆ. ಸೊಂಟ ವಾಲಿರುತ್ತದೆ. ಮುಂದಿನ ಬೆಂಚಿನಲ್ಲಿ ತಂಗಿ ಇಲ್ಲದವಳು ಕೂತಿರುತ್ತಾಳೆ.

ಬಾಟಲಿ ತುಂಬಿತು. ಮೇಡಂ ಕೈ ಚಾಚಿದಳು. ಅದೂ ತಾಯಿಯ ಕೈಯೇ. ನಾಲ್ಕಮ್ಮ ಅದನ್ನು ಕಂಡಳು. ಕಂಡೂ ಬಾಟಲಿಗೆ ಮುಚ್ಚಳ ತಿರುಗಿಸಿ ಮಡಿಲಲ್ಲಿ ಇಟ್ಟುಕೊಂಡಳು.

“ಕೊಡಲ್ಲ ಮೇಡಂ.”

“ಏನು?”

“ಕೊಡಲ್ಲ.”

“ಯಾಕೆ? ಏನು ಬೇಕು ನಿನಗೆ? ಹೇಳು, ಕೊಡ್ತೀನಿ.”

“ಬೇಕಾದ್ದು ಅವತ್ತೇ ಹೇಳಿದೆ. ನಿಯಮ ಇದೆ ಅಂದ್ರಿ.”

“ಒಂದು ಎಳೆಗೂಸಿನ ಮೇಲೆ ದ್ವೇಷ ಸಾಧಿಸ್ತೀಯಾ?”

“ದ್ವೇಷ ಅಲ್ಲ ಮೇಡಂ, ಹೊಟ್ಟೆಕಿಚ್ಚು.” ಅವಳು ಎದ್ದು ನಿಂತಳು. ಧ್ವನಿ ಏರಲಿಲ್ಲ. “ನಿಮ್ಮ ಮಗನ ಮೇಲಲ್ಲ. ಅವನು ತಣ್ಣಗಿರಲಿ. ಈ ಕುರ್ಚಿ ಮೇಲೆ ಹೊಟ್ಟೆಕಿಚ್ಚು. ಆ ಚಿಲಕದ ಮೇಲೆ. ನಿಮ್ಮ ಒಣಗಿದ ಬಟ್ಟೆ ಮೇಲೆ. ನಿಮ್ಮ ಓದಿನ ಮೇಲೆ. ನೀವು ಓದೋವಾಗ ನಿಮ್ಮ ಮನೇಲಿ ಕೂಸನ್ನ ಯಾರು ಎತ್ಕೊಂಡಿದ್ರೋ, ಅವಳ ಲೆಕ್ಕ ಯಾರೂ ಕೇಳಲಿಲ್ಲ. ಈಗ ನನ್ನ ಮಗಳ ಲೆಕ್ಕಾನೂ ನೀವು ಕೇಳಲ್ಲ. ಸರಿಹೋಯ್ತು ಅಂತೀರಿ. ನನಗೆ ಸರಿಹೋಗಿಲ್ಲ.”

“ಕೆಲಸ ಹೋಗುತ್ತೆ ನಿಂದು.”

“ಇಬ್ರೂ ಕುಡಿಯೋದಾದ್ರೆ ಕೊಡ್ತೀನಿ. ಒಬ್ಬನಿಗೆ ಕೊಡಲ್ಲ.”

ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಹೊರಟಳು. ಮೆಟ್ಟಿಲಿಳಿದಳು. ಹಗಲು ಹೊತ್ತಿನಲ್ಲಿ ಆ ಕಟ್ಟಡದಿಂದ ಹೊರಗೆ ಬಂದು ಬಿಸಿಲು ಕಂಡು ಬಹಳ ದಿನವಾಗಿತ್ತು. ಮನೆಯಲ್ಲಿ ಕೂಸಿಗೆ ಹಾಲು ಕುಡಿಸಿ, ಮಗಳ ಶಾಲೆಯ ಬಟ್ಟೆ ಒಗೆದು ಹರವಿದಳು.

“ನಾಳೆ ಹೋಗು,” ಎಂದಳು. “ಹೋಗಿ ನಿನ್ನ ಜಾಗ ಕೇಳು. ಕೊಡದಿದ್ರೆ ಪಕ್ಕದಲ್ಲಿ ಒತ್ತಿ ಕೂತ್ಕೋ.”

“ಮತ್ತೆ ಪಾಪು?”

“ಪಾಪು ನನ್ನ ಜೊತೆ ಕೆಲಸಕ್ಕೆ ಬರುತ್ತೆ.”

ಮರುದಿನ ಬೆಳಗ್ಗೆ, ಮೇಸ್ತ್ರಿ ಬರುವ ಮೊದಲೇ, ಮಾತಾಡಿಕೊಂಡಂತೆ ಮೂರಮ್ಮ ಹಿಂಬಾಗಿಲಲ್ಲಿ ಕಾದಿದ್ದಳು. ಗುಡಿಸುವವರ ತಳ್ಳುಗಾಡಿಗೆ ಮುಂದೆ ಬಕೆಟ್ಟು, ಹಿಂದೆ ಒಗೆದ ಟವೆಲುಗಳ ಚೀಲ. ಮೂರಮ್ಮ ಟವೆಲುಗಳನ್ನು ಗೂಡಿನ ಹಾಗೆ ಒತ್ತಿ ಕೂಸನ್ನು ಅದರೊಳಗೆ ಇಳಿಸಿ, ಮುಖಕ್ಕೆ ಗಾಳಿ ಬಿಟ್ಟು, ಮೇಲೊಂದು ಟವೆಲು ಹರಡಿದಳು. ಹೆಂಗಸರ ಎದೆ ಬಿಗಿಯುತ್ತಿದ್ದ ಅದೇ ಟವೆಲು.

“ಅತ್ತುಬಿಟ್ರೆ?” ಎಂದಳು ನಾಲ್ಕಮ್ಮ.

“ಅತ್ರೆ ನಾನು ಕೆಮ್ತೀನಿ. ನನ್ನ ಕೆಮ್ಮು ಕೂಸಿನ ಅಳುಗಿಂತ ಜೋರು.”

ಮೂರಮ್ಮ ಎರಡು ಸಲ ಕೆಮ್ಮಬೇಕಾಯಿತು. ಲಿಫ್ಟಿನಲ್ಲಿದ್ದ ಯುವಕನೊಬ್ಬ ಮೂಗಿಗೆ ಕರವಸ್ತ್ರ ಹಿಡಿದು ಅರ್ಧದಲ್ಲೇ ಇಳಿದುಹೋದ.

ನಾಲ್ಕಮ್ಮ ಮೊದಲು ಕೆಲಸ ಮಾಡಿದಳು. ಇಡೀ ಮಹಡಿ ಒರೆಸಿದಳು. ಕೂಸು ಟವೆಲಿನಲ್ಲಿ ನಿದ್ದೆ ಹೋಗಿತ್ತು. ನಡುಹಗಲಾಯಿತು. ಕೂಸು ಎದ್ದು ಬಾಯಿ ತೆರೆದು ಎದೆ ಹುಡುಕಿತು. ಅವಳು ತನ್ನಿಂದ ಇನ್ನೂ ಯಾರೂ ಕಿತ್ತುಕೊಂಡಿರದ ಕಾರ್ಡು ಉಜ್ಜಿದಳು. ಬಾಗಿಲು ತೆರೆಯಿತು, ಒರೆಸಲು ಬಂದವಳೆಂದು ಅದು ತಿಳಿಯಿತು. ಒಳಗೆ ಹೋಗಿ ಹಿಡಿ ಎಳೆದಳು. ಚಿಲಕ ಬಿತ್ತು. ಫಲಕ ಸರಿದ ಸದ್ದು ಕೇಳಿತು. ಕೂತಳು. ಕಾಲನ್ನು ಮಣೆಯ ಮೇಲೆ ಇಟ್ಟಳು. ಈ ಸಲ ಇಳಿಸಲಿಲ್ಲ.

ಕೂಸು ಕಚ್ಚಿಕೊಂಡಿತು. ಒಂದು ಕೈಯಲ್ಲಿ ತಾಯಿಯ ಸಮವಸ್ತ್ರದ ಗುಂಡಿ ಹಿಡಿದು ಗುಟುಕು ಗುಟುಕಾಗಿ ಕುಡಿಯಿತು.

ಹೊರಗೆ ಮೇಡಂ ಹೆಜ್ಜೆ. ಕಾರ್ಡು ಉಜ್ಜಿದ ಸದ್ದು. ಮತ್ತೊಮ್ಮೆ. ಬಾಗಿಲು ಮಿಸುಕಲಿಲ್ಲ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಬೂಟು.

“ಯಾರು ಒಳಗೆ? ಏ, ನಾಲ್ಕಮ್ಮಾ! ನೀನೇ ತಾನೇ? ತೆಗಿ ಬಾಗಿಲು!”

ಅವಳು ಕೂಸಿನ ಕಿವಿಗೆ ಅಂಗೈ ಮುಚ್ಚಿದಳು. ಕುಡಿಯುವ ಕೂಸನ್ನು ಬೆಚ್ಚಿಸಬಾರದು.

“ಒಡೆದು ಹಾಕ್ತೀನಿ ನೋಡು!”

“ಒಡಿ, ಒಡಿ,” ಎಂದಿತು ಮೂರಮ್ಮನ ಧ್ವನಿ. ಅವಳ ಮಾಪಿನ ಕೋಲು ನೆಲಕ್ಕೆ ಬಡಿದ ಸದ್ದಾಯಿತು. ಅದರ ಹಿಂದೆ ಇನ್ನೂ ಎರಡು ಮೂರು ಕೋಲುಗಳ ಸದ್ದು. ಐದಮ್ಮ, ಆರಮ್ಮ ಬಂದಿರಬೇಕು. “ಬಾಣಂತಿ ಇರೋ ಕೋಣೆ ಬಾಗಿಲು ಒಡೆದ ಗಂಡಸು ಅಂತ ಹೆಸರಾಗುತ್ತೆ. ಅದೇನೋ ಬೋರ್ಡಲ್ಲಿ ಬರೆದಿದೆಯಲ್ಲ, ಮೊದಲು ಅದನ್ನ ಓದು.”

ಮೇಸ್ತ್ರಿ ಓದಲಿಲ್ಲ.

“ನನಗಂತೂ ಅಕ್ಷರ ಬರಲ್ಲ,” ಎಂದಳು ಮೂರಮ್ಮ. “ಮೇಡಂ, ನೀವು ಓದಿದೋರು. ಏನು ಬರೆದಿದೆ ಹೇಳಿ.”

ಯಾರೋ ಗಂಟಲು ಸರಿಮಾಡಿಕೊಂಡರು. ಒಳಗಿದ್ದವಳು ಕಣ್ಣು ಮುಚ್ಚಿ ಕಾದಳು. ಎಷ್ಟೋ ಸಲ ಒರೆಸಿದ ಅಕ್ಷರ. ಇನ್ನೊಬ್ಬರ ಬಾಯಲ್ಲಿ ಕೇಳಿರಲಿಲ್ಲ.

“ಒಳಗೆ...” ಎಂದಳು ಮೇಡಂ. ನಿಲ್ಲಿಸಿದಳು.

“ಜೋರಾಗಿ ಹೇಳಿ. ನನಗೆ ಕಿವೀನೂ ಮಂದ.”

“ಒಳಗೆ ತಾಯಿ ಇದ್ದಾರೆ.”

ಕೂಸು ಒಂದು ಎದೆಯನ್ನು ಬರಿದು ಮಾಡಿ ಬಾಯಿ ಬಿಟ್ಟಿತು. ಮೇಡಂನ ಮಗನಿಗೆಂದು ಹೇಳಿದ್ದ ಇನ್ನೊಂದು ತುಂಬಿ ನಿಂತಿತ್ತು. ನಾಲ್ಕಮ್ಮ ಮಗಳನ್ನು ತಿರುಗಿಸಿ ಅದನ್ನೂ ಅವಳಿಗೇ ಕೊಟ್ಟಳು.